ಬೆಳಕಿಗೆ ಹಿಡಿದು ನೋಡು

ಗೆಳೆಯಾ,

ನಿನ್ನ ಪತ್ರ ಬಂತು. ಸಂಬಳ ಇಳಿದಿದೆ, ಖರ್ಚು ಮಾತ್ರ ಇಳಿಯುತ್ತಿಲ್ಲ ಅಂತ ಬರೆದು, ನಾಳೆಯಿಂದಲೇ ನಿಲ್ಲಿಸಬೇಕಾದ್ದರ ಉದ್ದ ಪಟ್ಟಿಯನ್ನೂ ಜೊತೆಗಿಟ್ಟಿದ್ದೀಯ. ಆ ಪಟ್ಟಿ ನೋಡಿ ನನಗೆ ಗಾಬರಿಯಾಯಿತು ಕಣೋ. ಹಣ್ಣು ಬಂದ್, ಬಟ್ಟೆ ಬಂದ್, ಮಕ್ಕಳ ತಿಂಡಿ ಬಂದ್. ಇಷ್ಟೆಲ್ಲ ಒಟ್ಟಿಗೆ ನಿಲ್ಲಿಸಿದ ಮನೆ ಮೊದಲ ತಿಂಗಳು ಹಲ್ಲುಕಚ್ಚಿ ನಡೆಯುತ್ತದೆ, ಎರಡನೇ ತಿಂಗಳು ಎಲ್ಲರೂ ಸಿಡುಕುತ್ತಾರೆ, ಮೂರನೇ ತಿಂಗಳಿಗೆ ಪಟ್ಟಿಯೇ ಕಸದ ಬುಟ್ಟಿ ಸೇರುತ್ತದೆ. ಹೊಸದನ್ನು ತರುವುದು ನಿಲ್ಲಿಸುವ ಮುಂಚೆ, ಈಗಾಗಲೇ ದುಡ್ಡು ಕೊಟ್ಟು ತಂದದ್ದು ಎಲ್ಲಿ ಸೋರಿಹೋಗುತ್ತಿದೆ ನೋಡು. ಬಟ್ಟೆಯ ಕಪಾಟಿನಲ್ಲೂ ಅಡುಗೆಮನೆಯಲ್ಲೂ ಸಾಕಷ್ಟು ಸೋರುತ್ತದೆ. ನಾನು ಕಂಡ ಹಾಗೆ ಎರಡು ಕಡೆಯೂ ಕಾರಣ ಒಂದೇ, ನಾವು ನೋಡುವುದು ತಡ.

ಬಟ್ಟೆ ಏಕಾಏಕಿ ಹರಿಯುವುದು ಮೊಳೆಗೋ ಮುಳ್ಳಿಗೋ ಸಿಕ್ಕಿದಾಗ ಮಾತ್ರ. ಉಳಿದಂತೆ ಅದು ಮೊದಲು ಸವೆಯುತ್ತದೆ. ಮೊಣಕೈ, ಮೊಣಕಾಲು, ತೊಡೆಸಂದು, ಕಾಲುಚೀಲದ ಹಿಮ್ಮಡಿ, ಕಾಲರಿನ ಮಡಿಕೆ, ಹೆಚ್ಚುಕಡಿಮೆ ಇಷ್ಟೇ ಜಾಗ. ಒಗೆದು ಒಣಗಿದ್ದನ್ನು ಮಡಚುವಾಗ ಈ ಜಾಗಗಳನ್ನು ಬೆಳಕಿಗೆ ಹಿಡಿ. ನೂಲುಗಳ ನಡುವಿಂದ ಬೆಳಕು ತೂರಿಬಂದರೆ ಅಲ್ಲಿಗೆ ಹೊಲಿಗೆ ಬೇಕು. ಒಳಬದಿಗೆ ತೆಳುವಾದ ತುಂಡು ಬಟ್ಟೆ ಇಟ್ಟು ಸಾಲುಸಾಲಾಗಿ ಸಣ್ಣ ಹೊಲಿಗೆ ಓಡಿಸಿದರೆ ಆ ಪ್ಯಾಂಟು ಇನ್ನೂ ಬಹಳ ಕಾಲ ಬರುತ್ತದೆ. ಹಾಗೇ ಬಿಟ್ಟರೆ ತೂತು ಬೀಳುತ್ತದೆ, ತೂತು ಬಿದ್ದದ್ದನ್ನು ಮೆಷಿನ್ನಿಗೆ ಹಾಕಿದರೆ ತೂತು ಬಾಯಿ ಬಿಡುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹುಡುಕಿದಂತಾಗುತ್ತದೆ ಆಮೇಲೆ. ಆದ್ದರಿಂದ ಹರಿದದ್ದು ಕಂಡರೆ ಹೊಲಿಗೆ ಮೊದಲು, ಒಗೆಯುವುದು ನಂತರ.

ಕಾಲುಚೀಲ ರಫು ಮಾಡುವುದು ಹೇಗೆ ಅಂತ ಕೇಳಿದ್ದೆಯಲ್ಲ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಳಗೆ ನುಣುಪಾದ, ಉಬ್ಬಿದ ವಸ್ತು ಏನಾದರೂ ತೂರಿಸು. ಕೆಟ್ಟುಹೋದ ಬಲ್ಬು ಆದೀತು, ಚೆಂಡು ಆದೀತು. ಬಟ್ಟೆಯನ್ನು ಅದರ ಮೇಲೆ ಬಿಗಿಯಾಗಿ ಎಳೆಯಬೇಡ, ಸುಮ್ಮನೆ ಹರಡು. ಚೀಲದ ನೂಲಿನಷ್ಟೇ ದಪ್ಪದ ದಾರ ತಗೋ. ತುದಿಗೆ ಗಂಟು ಹಾಕಬೇಡ, ನಡೆಯುವಾಗ ಹಿಮ್ಮಡಿಗೆ ಒತ್ತುತ್ತದೆ. ತೂತಿನ ಅಂಚಿನಿಂದ ಶುರು ಮಾಡಬಾರದು, ಅಲ್ಲಿಯ ಬಟ್ಟೆ ಆಗಲೇ ಸತ್ತಿರುತ್ತದೆ. ಬೆರಳಗಲ ದೂರದಲ್ಲಿ, ಬಟ್ಟೆ ಗಟ್ಟಿ ಇರುವಲ್ಲಿಂದ ಹಿಡಿದು ಒಂದೇ ದಿಕ್ಕಿನಲ್ಲಿ ಸಾಲುಗಳನ್ನು ಎಳೆ. ತೂತಿನ ಮೇಲೆ ದಾರ ಹಾಗೇ ಹಾದುಹೋಗಲಿ. ಇದು ಹಾಸು. ಆಮೇಲೆ ಅಡ್ಡದಿಕ್ಕಿನಿಂದ ಸೂಜಿಯನ್ನು ಒಂದು ದಾರದ ಮೇಲೆ, ಮುಂದಿನದರ ಕೆಳಗೆ ತೂರಿಸುತ್ತ ಹೋಗು, ಬರುವಾಗ ಮೇಲಿನದನ್ನು ಕೆಳಗೆ ಮಾಡು. ಇದು ಹೊಕ್ಕು. ಪ್ರತಿ ಸಾಲಿನ ತಿರುವಿನಲ್ಲೂ ದಾರವನ್ನು ಚೂರು ಸಡಿಲ ಬಿಡು. ಒಗೆದ ಮೇಲೆ ದಾರ ಕುಗ್ಗಿದರೆ ಆ ಸಡಿಲ ಅದಕ್ಕೆ ಬೇಕಾಗುತ್ತದೆ, ಇಲ್ಲದಿದ್ದರೆ ರಫು ಮುದುಡಿಕೊಳ್ಳುತ್ತದೆ. ಮಾಡಿ ಮುಗಿಸಿದಾಗ ತೂತಿದ್ದ ಜಾಗದಲ್ಲಿ ನೀನೇ ನೇಯ್ದ ಪುಟ್ಟ ಚೌಕ ಇರುತ್ತದೆ. ಅದನ್ನು ನೋಡಿದಾಗ ಆಗುವ ಖುಷಿ ನಿನಗೂ ಆಗಲಿ, ನಾನು ವರ್ಣಿಸುವುದಿಲ್ಲ.

ತೇಪೆ ಹಾಕುವಾಗ ಚೌಕವಾಗಿ ಕತ್ತರಿಸಬೇಡ. ಮೂಲೆಗಳನ್ನು ದುಂಡಗೆ ಮಾಡು, ಮೊದಲು ಎದ್ದುಬರುವುದು ಮೂಲೆಯೇ. ತೇಪೆಯ ಬಟ್ಟೆಯನ್ನು ಮುಂಚೆ ಒಮ್ಮೆ ಒಗೆದಿರು. ಗುಂಡಿ ಹೊಲಿಯುವಾಗ ಗುಂಡಿಗೂ ಬಟ್ಟೆಗೂ ನಡುವೆ ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ಎಳೆದು, ಉಳಿದ ಸಡಿಲಕ್ಕೆ ದಾರ ಸುತ್ತು. ಕಾಜದೊಳಗೆ ಗುಂಡಿ ನಿಲ್ಲಲು ಆ ಕತ್ತು ಬೇಕು. ದಪ್ಪ ಕೋಟಿಗಂತೂ ಬೇಕೇ ಬೇಕು. ಕಾಲರ್ ಸವೆದ ಅಂಗಿಯನ್ನು ಬಿಸಾಡುತ್ತೇನೆ ಅಂದಿದ್ದೀಯ, ಬೇಡ. ಕಾಲರಿನ ಹೊಲಿಗೆ ಬಿಚ್ಚಿ, ಹಿಂದುಮುಂದು ಮಾಡಿ ಮತ್ತೆ ಕತ್ತಿನ ಸುತ್ತಲಿನ ಅದೇ ಪಟ್ಟಿಗೆ ಹೊಲಿದರೆ ಸವೆದ ಭಾಗ ಕೆಳಗೆ ಅಡಗುತ್ತದೆ. ಹಳೆ ದರ್ಜಿಗಳಿಗೆ ಇದು ನೀರು ಕುಡಿದಷ್ಟು ಸುಲಭ. ನಿನಗೆ ಒಂದು ಸಂಜೆ ಹಿಡಿಯಬಹುದು.

ತೊಡುವುದಕ್ಕಿಂತ ಒಗೆದೇ ಬಟ್ಟೆಯನ್ನು ಹಾಳು ಮಾಡುವವರು ನಾವು. ಡ್ರೈಯರ್ ಇರುವ ಮನೆಯಲ್ಲಿ ಅದರ ಜಾಲರಿಗೆ ಮೆತ್ತುವ ಜೂಲನ್ನು ನೋಡಿದ್ದೀಯಾ? ಅದು ಧೂಳಲ್ಲ, ಬಹುಪಾಲು ನಿನ್ನ ಬಟ್ಟೆಯೇ. ಒಮ್ಮೆ ತೊಟ್ಟ ಸ್ವೆಟರ್, ಜೀನ್ಸ್ ಕೊಳೆಯಾಗಿರದಿದ್ದರೆ ಗಾಳಿಗೆ ಹರವಿದರೆ ಸಾಕು. ಒಗೆಯುವಾಗ ಒಳಬದಿ ಹೊರಗೆ ಮಾಡು, ತಣ್ಣೀರು ಹಾಕು, ಬಣ್ಣದವನ್ನು ನೆರಳಲ್ಲಿ ಒಣಗಿಸು.

ಹಾಗಂತ ಎಲ್ಲವನ್ನೂ ಹೊಲಿಯುತ್ತ ಕೂರಬೇಡ. ಹಿಗ್ಗುವ ನೂಲು ಸತ್ತು ಜೋತುಬಿದ್ದ ಲೆಗಿಂಗ್ಸ್, ಮುಟ್ಟಿದರೆ ಪಿಸಿಯುವ ಅಗ್ಗದ ಬಟ್ಟೆ, ಇವುಗಳ ಮೇಲೆ ಸಂಜೆ ಕಳೆಯುವುದು ದಂಡ. ಗುಂಡಿ, ಜಿಪ್ಪು, ಲಾಡಿ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಒರೆಸುವ ಬಟ್ಟೆ ಮಾಡು. ಅದರಲ್ಲೂ ಹತ್ತಿಯದನ್ನೇ ಆರಿಸಿಕೋ, ಪಾಲಿಯೆಸ್ಟರ್ ನೀರನ್ನು ಹೀರುವುದಿಲ್ಲ, ಅತ್ತಿತ್ತ ಬಳಿಯುತ್ತದೆ ಅಷ್ಟೆ.

ತೇಪೆ ಹಾಕಿದ ಅಂಗಿ ತೊಟ್ಟು ಹೊರಗೆ ಹೋಗಲು ನಾಚಿಕೆ ಅಂದೆ. ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಆ ನಾಚಿಕೆಗೆ ಆಸ್ಪದವೇ ಇರಲಿಲ್ಲ. 1941ರ ಜೂನ್‌ನಲ್ಲಿ ಅಲ್ಲಿ ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷ ದೊಡ್ಡವರಿಗೆ ತಲೆಗೆ 66 ಕೂಪನ್. ಗಂಡಸಿನ ಒಂದು ಪೂರ್ತಿ ಸೂಟಿಗೇ 26 ಕೂಪನ್ ಹೋಗುತ್ತಿತ್ತು. 1943ರಲ್ಲಿ ಸರ್ಕಾರವೇ ಹಳೆ ಬಟ್ಟೆ ಸರಿಮಾಡಿಕೊಳ್ಳುವ ಬಗೆಯನ್ನು ಕಿರುಪುಸ್ತಕ ಮಾಡಿ ಹೊರತಂದಿತು. ಈ ರೇಷನ್ ಮುಗಿದದ್ದು ಯುದ್ಧ ನಿಂತು ಸುಮಾರು ನಾಲ್ಕು ವರ್ಷವಾದ ಮೇಲೆ, 1949ರಲ್ಲಿ. ಎಲ್ಲರ ಮೊಣಕೈಯಲ್ಲೂ ತೇಪೆ ಇದ್ದಾಗ ಯಾರು ಯಾರನ್ನು ನೋಡಿ ನಗಬೇಕು? ಜಪಾನಿನ ಚಳಿ ಪ್ರದೇಶದ ಬಡ ರೈತರು ತೇಪೆಯ ಮೇಲೆ ತೇಪೆ ಹೊಲಿದು ತೊಡುತ್ತಿದ್ದ ಬಟ್ಟೆಗಳು ಇವತ್ತು ವಸ್ತುಸಂಗ್ರಹಾಲಯದಲ್ಲಿವೆ. ನೀಲಿ ಬಟ್ಟೆಯ ಮೇಲೆ ಬಿಳಿ ದಾರದ ಅವರ ಸಾಲುಹೊಲಿಗೆಯನ್ನು ಈಗ ಜನ ದುಡ್ಡು ಕೊಟ್ಟು ಕಲಿಯುತ್ತಾರೆ. ಇದನ್ನು ಹೇಳಿ ನಿನ್ನನ್ನು ಸಮಾಧಾನ ಮಾಡುತ್ತಿಲ್ಲ. ಬೇಕೆಂದು ಹಾಕಿಕೊಂಡ ತೇಪೆಯೂ ವಿಧಿಯಿಲ್ಲದೆ ಹಾಕಿಕೊಂಡ ತೇಪೆಯೂ ಒಂದೇ ಅಲ್ಲ, ನನಗೆ ಗೊತ್ತು. ಕಚೇರಿಗೆ ಹೋಗುವ ಬಟ್ಟೆಗೆ ಒಳಗಿಂದ, ಅದೇ ಬಣ್ಣದ ದಾರದಲ್ಲಿ ಹೊಲಿ. ಮನೆಯಲ್ಲಿ ತೊಡುವುದಕ್ಕೆ ಮಕ್ಕಳಿಗೇ ದಾರದ ಬಣ್ಣ ಆರಿಸಲು ಬಿಡು.

ಇನ್ನು ಅಡುಗೆಮನೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು, ಮನೆಗಳಲ್ಲಿ ಸೇರಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳದ್ದು. ತಿನ್ನಲಾಗದ ಸಿಪ್ಪೆ, ಮೂಳೆಗಳೂ ಈ ಲೆಕ್ಕದಲ್ಲಿವೆ ಅನ್ನು, ಆದರೂ ಮದುವೆಮನೆ, ಹೋಟೆಲು ಅಂತ ಬೈಯುತ್ತಿದ್ದ ನಮಗೆ ಇದು ಕಪಾಳಕ್ಕೆ ಬಿದ್ದ ಹಾಗೆ. ಆದ್ದರಿಂದ ಸಂತೆಗೆ ಹೋಗುವ ಮುಂಚೆ ಫ್ರಿಜ್ಜಿನ ಒಳಗೆ, ಕೈ ಹಾಕಿ, ಹಿಂದಿನ ಸಾಲಿನವರೆಗೂ ನೋಡು. ಬಾಡುತ್ತಿರುವುದು ಇವತ್ತಿನ ಅಡುಗೆ. ಏನು ತಿನ್ನಬೇಕು ಅನ್ನಿಸುತ್ತಿದೆ ಅನ್ನುವುದು ಆಮೇಲಿನ ಮಾತು. ಎರಡು ಕೊಂಡರೆ ಒಂದು ಉಚಿತ ಅನ್ನುವ ಕಡೆ ತಿರುಗಿಯೂ ನೋಡಬೇಡ. ಕೊಳೆತುಹೋಗುವ ಮೂರನೆಯದರಲ್ಲಿ ಉಳಿತಾಯ ಎಲ್ಲಿಂದ ಬಂತು?

ಇಡುವ ಜಾಗದ ಮೇಲೂ ಬಹಳ ಇದೆ. ಮಾಗಿದ ಬಾಳೆಹಣ್ಣು, ಸೇಬು, ಟೊಮೆಟೊ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಪಕ್ಕದಲ್ಲಿ ಸೊಪ್ಪಿದ್ದರೆ ಅದು ಬೇಗ ಹಳದಿಯಾಗುತ್ತದೆ. ಸೊಪ್ಪನ್ನು ಒಣಬಟ್ಟೆಯಲ್ಲಿ ಸುತ್ತಿ ಬೇರೆ ಇಡು. ಈರುಳ್ಳಿ, ಆಲೂಗಡ್ಡೆ ಎರಡಕ್ಕೂ ಕತ್ತಲೆ ಮತ್ತು ಗಾಳಿ ಬೇಕು, ಆದರೆ ಒಂದೇ ಬುಟ್ಟಿ ಬೇಡ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಹೊರಗಿಟ್ಟದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ, ಅದರ ಪಿಷ್ಟದ ಗುಣವೇ ಅದು. ಎರಡು ದಿನದಲ್ಲಿ ಮುಗಿಯದ ಬ್ರೆಡ್ಡು ಫ್ರೀಜರಿಗೆ ಹೋಗಲಿ.

ಇದ್ದದ್ದನ್ನು ಹೆಚ್ಚು ಹೊಟ್ಟೆಗೆ ಒದಗಿಸಬೇಕು ಅಂದರೆ ಒಣಕಾಳಿನಷ್ಟು ನಂಬಿಕಸ್ಥರು ಯಾರೂ ಇಲ್ಲ. ಬೆಂದಾಗ ತೂಕ ಎರಡು ಪಟ್ಟಿಗೂ ಮೀರುತ್ತದೆ. ಮಾಂಸವೋ ದುಬಾರಿ ತರಕಾರಿಯೋ ಸ್ವಲ್ಪವೇ ಇದ್ದರೆ ಅದನ್ನು ರುಚಿಗೆ ಇಟ್ಟುಕೊಂಡು ಹೊಟ್ಟೆಯ ಪಾಲನ್ನು ಕಾಳಿಗೋ ಆಲೂಗಡ್ಡೆಗೋ ಬಿಡು. ಹೂಕೋಸಿನ ದಂಟು, ಎಳೆ ಎಲೆ ಹೂವಿನಷ್ಟೇ ತಿನ್ನಲು ಬರುತ್ತವೆ, ಸಣ್ಣಗೆ ಹೆಚ್ಚಿ ಮೊದಲು ಹಾಕು, ಹೂವನ್ನು ಆಮೇಲೆ. ಚೆನ್ನಾಗಿ ತೊಳೆದ ಕ್ಯಾರೆಟ್ ಸಿಪ್ಪೆ, ಸೊಪ್ಪಿನ ಕಾಂಡಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಕೂಡಿಸು, ಡಬ್ಬಿ ತುಂಬಿದ ದಿನ ನೀರಲ್ಲಿ ಕುದಿಸಿ ಸೋಸಿದರೆ ಕಾಳು ಬೇಯಿಸಲು ಒಳ್ಳೆ ರಸ. ಕಾಳನ್ನು ರಾತ್ರಿಯೇ ನೆನೆಹಾಕು, ಗ್ಯಾಸು ಉಳಿಯುತ್ತದೆ. ಕುದಿ ಬಂದ ಮೇಲೆ ಮುಚ್ಚಳ ಮುಚ್ಚಿ ಉರಿ ಸಣ್ಣ ಮಾಡು. ಮುಚ್ಚಳ ಹಾಕಿದ ಮಾಮೂಲಿ ಪಾತ್ರೆಯಲ್ಲಿ ಎಷ್ಟೇ ಉರಿ ಕೊಟ್ಟರೂ ನೀರು ಸುಮಾರು 100 ಡಿಗ್ರಿಗಿಂತ ಬಿಸಿಯಾಗುವುದಿಲ್ಲ, ಹೆಚ್ಚಿನದೆಲ್ಲ ಹಬೆಯಾಗಿ ಹೋಗುತ್ತದೆ.

ಒಂದು ಕಡೆ ಮಾತ್ರ ಜಿಪುಣತನ ಮಾಡಬೇಡ. ಮಿಕ್ಕ ಅನ್ನವನ್ನು ರಾತ್ರಿಯಿಡೀ ಸೆಕೆಯಲ್ಲಿ ಹೊರಗಿಟ್ಟು, ಬೆಳಗ್ಗೆ ಚೆನ್ನಾಗಿ ಬಿಸಿ ಮಾಡಿದರಾಯಿತು ಅಂದುಕೊಳ್ಳಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗಿದ್ದಷ್ಟು ಹೊತ್ತು ಅವು ಬೆಳೆದು ಬಿಡುವ ವಾಂತಿಯ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸು. ರಾಜ್ಮಾ ಕಾಳನ್ನು ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ ಆಮೇಲೆ ಉರಿ ತಗ್ಗಿಸು, ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ಬ್ರೆಡ್ಡಿಗೆ ಬೂಷ್ಟು ಬಂದರೆ ಆ ಜಾಗ ಮಾತ್ರ ಚಿವುಟಿ ತಿನ್ನಬೇಡ, ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಇಲ್ಲಿ ಉಳಿಸಿದ್ದನ್ನು ಆಸ್ಪತ್ರೆಗೆ ಕೊಟ್ಟು ಬರಬೇಕಾದೀತು.

ಗಾಜಿನ ಡಬ್ಬಿ, ಲೇಬಲ್ಲು, ಹೊಲಿಗೆಯ ದೊಡ್ಡ ಕಿಟ್ಟು, ಹೀಗೆ ಮಿತವ್ಯಯ ಶುರು ಮಾಡಲು ಅಂತ ಏನನ್ನೂ ಕೊಳ್ಳಬೇಡ ಮತ್ತೆ. ಕಣ್ಣು ದೊಡ್ಡದಿರುವ ನಾಲ್ಕು ಸೂಜಿ, ಕಪ್ಪು ಬಿಳಿ ದಾರ, ಚೂಪಾದ ಒಂದು ಕತ್ತರಿ, ಇಷ್ಟಿದ್ದರೆ ಈ ಭಾನುವಾರ ಆ ಕಾಲರ್ ಬಿಚ್ಚಲು ಕೂರಬಹುದು. ಬಿಚ್ಚುವ ಮೊದಲು ಕಾಲರಿನ ನಡುಮಧ್ಯಕ್ಕೂ ಪಟ್ಟಿಯ ನಡುಮಧ್ಯಕ್ಕೂ ಬಣ್ಣದ ದಾರದಲ್ಲಿ ಒಂದೊಂದು ಗುರುತು ಹಾಕಿಕೋ, ಮತ್ತೆ ಜೋಡಿಸುವಾಗ ಅವೆರಡೂ ಕೂಡಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಫೋಟೋ ತೆಗೆದು ಕಳಿಸು, ಹೇಳುತ್ತೇನೆ. ಮನೆಯವರಿಗೆಲ್ಲ ನನ್ನ ನೆನಪು ತಿಳಿಸು.

ನಿನ್ನವನೇ