ಕ್ಯಾರವಾನ್ ಫ್ರಿಜ್‌ಗೂ ಗಾಳಿ ಬೇಕು

ಮಾನ್ಯರೆ,

ಕಳೆದ ಏಪ್ರಿಲ್‌ನಲ್ಲಿ ಬಾಡಿಗೆ ಕ್ಯಾರವಾನ್‌ನಲ್ಲಿ ಕಲಬುರಗಿಯತ್ತ ಹೊರಟಿದ್ದಾಗ, ಫ್ರಿಜ್‌ನಲ್ಲಿಟ್ಟಿದ್ದ ಹಾಲು ಮಧ್ಯಾಹ್ನದೊಳಗೆ ಒಡೆದುಹೋಯಿತು. ತಾಯಿಯವರ ಇನ್ಸುಲಿನ್ ಕೂಡ ಅದರಲ್ಲೇ ಇದ್ದುದರಿಂದ ನಮಗಾದ ಆತಂಕ ಸಣ್ಣದಲ್ಲ. ಹೊರಗಿನ ಜಾಲರಿ ಕಳಚಿ ನೋಡಿದರೆ, ಫ್ರಿಜ್‌ನ ಬೆನ್ನಿಗೆ ಪ್ಲೈವುಡ್ ಹಲಗೆ ತಾಗಿಕೊಂಡೇ ಇತ್ತು. ಬಿಸಿಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ಕಿಂಡಿಯೇ ಇರಲಿಲ್ಲ.

ಫ್ರಿಜ್ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಆದ್ದರಿಂದ ಕೆಳಗೊಂದು, ಮೇಲೊಂದು ಕಿಂಡಿಯಿದ್ದು, ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗಿ ಹಿಂಬದಿಯ ಕೊಳವೆಗಳನ್ನು ಸವರಿಕೊಂಡೇ ಮೇಲೇರುವಂತೆ ತಗಡಿನ ತಡೆ ಕೂರಿಸಬೇಕು. ಸೆಕೆ ಹೆಚ್ಚಿರುವ ಕಡೆ ಮೇಲಿನ ಕಿಂಡಿಗೆ 12 ವೋಲ್ಟ್‌ನ ಪುಟ್ಟ ಫ್ಯಾನ್ ಅಗತ್ಯ. ಕಿಂಡಿಗಳಿರುವ ಪಕ್ಕವನ್ನು ಪಡುವಣ ಬಿಸಿಲಿಗೆ ಒಡ್ಡಿ ವಾಹನ ನಿಲ್ಲಿಸಲೇಬಾರದು.

ಆಯ್ಕೆಯ ವಿಷಯದಲ್ಲಿ ಹವಾಮಾನ ವರ್ಗವನ್ನು ನೋಡದೆ ಕೊಳ್ಳುವುದು ತಪ್ಪು. ‘ಎನ್’ ವರ್ಗದ ಫ್ರಿಜ್ 32 ಡಿಗ್ರಿ ಸೆಲ್ಸಿಯಸ್‌ವರೆಗಿನ, ‘ಟಿ’ ವರ್ಗದ್ದು 43 ಡಿಗ್ರಿವರೆಗಿನ ಸುತ್ತಲಿನ ಉಷ್ಣತೆಗೆ ವಿನ್ಯಾಸಗೊಂಡಿರುತ್ತದೆ. ಅನಿಲ, ವಿದ್ಯುತ್ ಎರಡರಲ್ಲೂ ನಡೆಯುವ, ಕಂಪ್ರೆಸರ್ ಇಲ್ಲದೆ ಶಾಖದ ಬಲದಿಂದಲೇ ತಂಪಾಗಿಸುವ ಅಬ್ಸಾರ್ಪ್ಷನ್ ಫ್ರಿಜ್ ಸದ್ದಿಲ್ಲದ್ದು ನಿಜ, ಆದರೆ ಬಿರುಬಿಸಿಲಿನಲ್ಲಿ ಸೋಲುತ್ತದೆ. ವಾಹನ ಸಮತಟ್ಟಾಗಿ ನಿಲ್ಲದಿದ್ದರೂ ಸರಿಯಾಗಿ ಕೆಲಸ ಮಾಡದು. ಬ್ಯಾಟರಿ, ಸೌರಫಲಕದ ವೆಚ್ಚ ಸೇರಿಸಿಕೊಂಡರೂ ನಮ್ಮ ಬಯಲುಸೀಮೆಗೆ 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ಜೇ ಸೂಕ್ತವೆಂಬುದು ನನ್ನ ಅಭಿಪ್ರಾಯ.

ಬಾಡಿಗೆಗೆ ಕೊಡುವವರು ಬೇಸಿಗೆಗೆ ಮುನ್ನ ಫ್ರಿಜ್‌ನೊಳಗೆ ಉಷ್ಣಮಾಪಕವಿಟ್ಟು, ನಡುಮಧ್ಯಾಹ್ನ ಅದು 5 ಡಿಗ್ರಿಯೊಳಗೆ ನಿಲ್ಲುವುದೇ ಎಂದು ಪರೀಕ್ಷಿಸಿಯೇ ವಾಹನ ಒಪ್ಪಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಬಳ್ಳಾರಿ