ಗೇನ್ 1 ಇದ್ದರೆ ಐಸಿ ಯಾಕೆ?

ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಆಪ್-ಆಂಪ್ (ಎರಡು ಇನ್‌ಪುಟ್‌ಗಳ ವೋಲ್ಟೇಜ್ ವ್ಯತ್ಯಾಸ ಹಿಗ್ಗಿಸುವ ಐಸಿ) ಬಗ್ಗೆ ಬಂದ ಬರಹ ಚೆನ್ನಾಗಿತ್ತು. ಆದರೆ ವೋಲ್ಟೇಜ್ ಬಫರನ್ನು ಮಾತ್ರ 'ಒಳಗೆ ಕೊಟ್ಟಷ್ಟೇ ಹೊರಗೆ ಬರುತ್ತದೆ' ಎಂದು, ಅಂದರೆ ಗೇನ್ (ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನೋದು) 1 ಎಂದು, ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಕಾರವಾರದ ನನ್ನ ರಿಪೇರಿ ಅಂಗಡಿಗೆ ಪ್ರಾಜೆಕ್ಟ್ ಹಿಡಿದು ಬರುವ ಡಿಪ್ಲೊಮಾ ಹುಡುಗರು ಇದನ್ನೇ ಕೇಳುತ್ತಾರೆ: ಅಷ್ಟೇ ಬರೋದಾದ್ರೆ ಐಸಿ ಯಾಕೆ, ಒಂದು ವೈರ್ ಸಾಕಲ್ವಾ?

ಸಾಕಾಗುವುದಿಲ್ಲ. 12 ವೋಲ್ಟ್ ಸಪ್ಲೈಗೆ 100 ಕೆ (ಕಿಲೋಓಮ್) ರೆಸಿಸ್ಟರ್ ಎರಡನ್ನು ಸೀರೀಸಲ್ಲಿ ಹಾಕಿ ನಡುವೆ ಮೀಟರ್ ಇಡಿ. ಸುಮಾರು 6 ವೋಲ್ಟ್ ತೋರಿಸುತ್ತದೆ. ಈಗ ಅಲ್ಲಿಂದ ಗ್ರೌಂಡಿಗೆ 1 ಕೆ ಲೋಡ್ (ಕರೆಂಟ್ ಎಳೆಯುವ ರೆಸಿಸ್ಟರ್) ಕೊಡಿ, ವೋಲ್ಟೇಜ್ 0.12ಕ್ಕೆ ಕುಸಿಯುತ್ತದೆ. ಲೋಡ್ ಕೇಳುವಷ್ಟು ಕರೆಂಟನ್ನು ಮೇಲಿನ 100 ಕೆ ಬಿಡುವುದೇ ಇಲ್ಲ. ಎಲ್‌ಎಂ358 ಎಂಬ ಆಪ್-ಆಂಪ್ ಐಸಿ ತಗೊಂಡು 1 (ಔಟ್‌ಪುಟ್) ಮತ್ತು 2ನೇ (ಮೈನಸ್ ಇನ್‌ಪುಟ್) ಪಿನ್ ಜೋಡಿಸಿ, ಆ 6 ವೋಲ್ಟನ್ನು 3ನೇ (ಪ್ಲಸ್ ಇನ್‌ಪುಟ್) ಪಿನ್ನಿಗೆ ಕೊಟ್ಟು, ಲೋಡನ್ನು 1ಕ್ಕೆ ಹಾಕಿ ನೋಡಿ. 6 ವೋಲ್ಟ್ ಹಾಗೇ ನಿಲ್ಲುತ್ತದೆ. ಲೋಡ್ ಎಳೆಯುವ 6 ಮಿಲಿಆಂಪಿಯರ್ ಬರುವುದು 8ನೇ ಪಿನ್ನಿಗೆ ಕೊಟ್ಟ 12 ವೋಲ್ಟ್ ಸಪ್ಲೈಯಿಂದ. 3ನೇ ಪಿನ್ನಿನದು ಬರೀ ನ್ಯಾನೋಆಂಪಿಯರ್ ಲೆಕ್ಕ.

ಒಳಗಿನ ಕೆಲಸ ಇಷ್ಟೇ. ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಐಸಿ ಸುಮಾರು 1 ಲಕ್ಷ ಪಟ್ಟು ಹಿಗ್ಗಿಸುತ್ತದೆ. ಔಟ್‌ಪುಟ್ ಮೈನಸ್ ಪಿನ್ನಿಗೇ ವಾಪಸ್ ಹೋಗುವುದರಿಂದ ಅದು ಏರುತ್ತಾ ಏರುತ್ತಾ ಪ್ಲಸ್ ಪಿನ್ನಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, 6 ವೋಲ್ಟ್ ಕೊಡಲು 60 ಮೈಕ್ರೋವೋಲ್ಟ್ ವ್ಯತ್ಯಾಸ ಇದ್ದರೆ ಸಾಕು. ಲೋಡ್ ಸ್ವಲ್ಪ ಕೆಳಗೆ ಎಳೆದರೂ ತಕ್ಷಣ ಸರಿಮಾಡಿಕೊಳ್ಳುತ್ತದೆ. ಆದರೆ ಸಪ್ಲೈ ಮೀರಿ ಏನೂ ಕೊಡಲ್ಲ. ಎಲ್‌ಎಂ358ಕ್ಕೆ 5 ವೋಲ್ಟ್ ಸಪ್ಲೈ ಕೊಟ್ಟರೆ ಔಟ್‌ಪುಟ್ ಸುಮಾರು 3.5ರಲ್ಲೇ ನಿಲ್ಲುತ್ತದೆ. ಹುಡುಗರು ಸುಮ್ನೆ ಐಸಿ ಹೋಗಿದೆ ಅಂತ ಇನ್ನೊಂದು ಕೊಳ್ಳುತ್ತಾರೆ!

ನಮ್ಮ ಕರಾವಳಿಯವರಿಗೆ ಇನ್ನೊಂದು ತಲೆನೋವು ಜಾಸ್ತಿ. ಮಳೆಗಾಲದಲ್ಲಿ ಉಪ್ಪು, ತೇವ ಬೋರ್ಡಿನ ಮೇಲೆ ಕೂತು ಪಕ್ಕದ ಟ್ರ್ಯಾಕಿನಿಂದ ಇನ್‌ಪುಟ್‌ಗೆ ಕರೆಂಟ್ ಸೋರುತ್ತದೆ. ಸೆನ್ಸರ್ ಮೆಗಾಓಮ್ ಲೆಕ್ಕದ್ದಾದರೆ ರೀಡಿಂಗ್ ನಂಬೋಹಾಗೇ ಇಲ್ಲ. ಬೋರ್ಡ್ ತೊಳೆದು ವಾರ್ನಿಶ್ ಹೊಡೆಯುವುದು ಒಂದು ದಾರಿ. ಇನ್ನೊಂದು, ಇನ್‌ಪುಟ್ ಪಿನ್ ಸುತ್ತ ತಾಮ್ರದ ಬಳೆಯಂತೆ ಟ್ರ್ಯಾಕ್ ಎಳೆದು ಅದನ್ನು ಬಫರಿನ ಔಟ್‌ಪುಟ್‌ಗೆ ಸೇರಿಸುವುದು. ಎರಡೂ ಕಡೆ ಒಂದೇ ವೋಲ್ಟೇಜ್ ಇದ್ದರೆ ಸೋರೋದು ಎಲ್ಲಿಂದ? ಹೊರಗಿಂದ ಬರುವುದನ್ನು ಬಳೆಯೇ ತಗೊಳ್ಳುತ್ತದೆ.

ಲ್ಯಾಬಲ್ಲಿ ಲೋಡೇ ಹಾಕದೆ 'ಗೇನ್ 1' ಎಂದು ರೆಕಾರ್ಡ್ ಬರೆಸುವವರಿಗೂ ತಲುಪುವಂತೆ ಇದನ್ನು ಸ್ವಲ್ಪ ವಿವರವಾಗಿ ಬರೆಸಿ. ಬಫರಿನ ಔಟ್‌ಪುಟ್‌ಗೆ ಉದ್ದ ಕೇಬಲ್ ಹಾಕಿದರೆ ಅದು ಯಾಕೆ ಆಸಿಲೇಟ್ ಆಗಬಹುದು (ವೋಲ್ಟೇಜ್ ತಾನಾಗೇ ಏರಿಳಿಯಬಹುದು) ಅನ್ನೋದೂ ಅದರಲ್ಲಿರಲಿ.

ಒಬ್ಬ ರಿಪೇರಿಯವ, ಕಾರವಾರ