ಮೇಣದಬತ್ತಿ ಉರೀತಿತ್ತು ಅಂದೆಯಲ್ಲ

ಮಗಳೇ,

ನೀನು ಹೊರಟು ಇವತ್ತಿಗೆ ಹನ್ನೊಂದು ದಿನ. ಸೋಮವಾರ ಹೋಗಬೇಕಾದವಳು ಶುಕ್ರವಾರವೇ ಪುತ್ತೂರಿಗೆ ಹೋಗಿ ರಾತ್ರಿ ಬಸ್ಸು ಹತ್ತಿದೆ. "ತಲುಪಿದೆವು" ಅಂತ ಒಂದು ಮೆಸೇಜು, ಅಷ್ಟೇ. ನಾನೂ ಫೋನ್ ಮಾಡಲಿಲ್ಲ. ಮಾಡಿದರೆ ಅಪ್ಪನ ಬಿಪಿ ಮಾತ್ರೆ, ಹಲಸಿನ ಹಪ್ಪಳ, ಮಳೆ ಬಂತಾ ಇಲ್ವಾ, ಇಷ್ಟು ಮಾತಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಅಡುಗೆಮನೆಯಲ್ಲಿ ಯಾರು ಏನಂದರು ಅಂತ ಮತ್ತೆ ಹೇಳುವುದಿಲ್ಲ, ಇಬ್ಬರಿಗೂ ಗೊತ್ತು. ನಿನ್ನ ಒಂದು ಮಾತು ಮಾತ್ರ ಹೋಗುತ್ತಿಲ್ಲ. "ನನಗೆ ಒಂದು ದಿನವೂ ಒಂದು ನಿಯಮ ಸಡಿಲ ಮಾಡದವಳು ನೀನು. ನನ್ನ ನಿಯಮ ಮಾತ್ರ ಮೂರೇ ದಿನದಲ್ಲಿ ಮುರಿದೆ."

ನಿಜ. ಪುಟ್ಟನ ಕೈಗೆ ಫೋನ್ ಕೊಟ್ಟೆ. ಒಂದು ಸಲ ಅಲ್ಲ, ನೀನು ನೋಡಿದ್ದು ನಾಲ್ಕನೆಯ ಸಲ. ಮಧ್ಯಾಹ್ನ ನೀನು ಮಲಗಿದ್ದಾಗ ಚಾವಡಿಯಲ್ಲಿ ಕೂರಿಸಿ ಕೊಟ್ಟಿದ್ದೇನೆ. "ಅಮ್ಮನಿಗೆ ಹೇಳಬೇಡ" ಅಂತ ಹೇಳಿಕೊಟ್ಟದ್ದೂ ನಾನೇ. ಫೋನ್ ಕೊಟ್ಟದ್ದಕ್ಕಿಂತ ಅದು ದೊಡ್ಡ ತಪ್ಪು. ನಾಲ್ಕು ವರ್ಷದ ಮಗುವಿಗೆ ತಾಯಿಯಿಂದ ಮುಚ್ಚಿಡುವುದನ್ನು ಕಲಿಸಿದೆ. ನಿನ್ನ ಅಜ್ಜಿ ಊಟಕ್ಕೆ ಮೊದಲು ನಿನ್ನ ಕೈಗೆ ಗುಟ್ಟಾಗಿ ಬೆಲ್ಲದ ತುಂಡು ಕೊಟ್ಟದ್ದಕ್ಕೆ ನಾನು ಎರಡು ದಿನ ಅವರ ಹತ್ತಿರ ಮಾತಾಡಿರಲಿಲ್ಲ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು. ವರ್ಷಕ್ಕೆರಡು ಸಲ ಚಾಕಲೇಟು ಹಿಡಿದುಕೊಂಡು ಬರುವವರು. ಬೈಯುವ ಕೆಲಸ, ಹೊತ್ತಿಗೆ ಏಳಿಸುವ ಕೆಲಸ, ದೀಪ ಹಚ್ಚುವ ಮೊದಲು ಮನೆಯಲ್ಲಿರಬೇಕು ಅನ್ನುವ ಕೆಲಸ ಎಲ್ಲ ನನ್ನದೊಬ್ಬಳದು. ಅದಕ್ಕೆ ಯಾರಾದರೂ ಅಡ್ಡ ಬಂದರೆ ಉರಿದುಹೋಗುತ್ತಿದ್ದೆ. ಈಗ ನಾನೇ ನಿನಗೆ ಅಡ್ಡ ಬಂದೆ.

ಯಾಕೆ ಕೊಟ್ಟೆ ಅಂತ ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಎರಡು ತುತ್ತು ಜಾಸ್ತಿ ತಿನ್ನಲಿ ಅಂತ ಅಂದೆ, ಅದು ಸುಳ್ಳು.

ನೀವು ಬಂದ ಮರುದಿನ ಬೆಳಿಗ್ಗೆ ಅವನು ತೋಟದ ಮೇಲೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ತೋಡಿದ ಸುರಂಗದ ಬಾಯಲ್ಲಿ ನಿಂತಿದ್ದ. ಒಂದು ಕೈ ಮುರಕಲ್ಲಿನ ಮೇಲಿಟ್ಟು, ತಲೆ ಒಳಗೆ ಹಾಕಿ "ಊ" ಅಂತ ಕೂಗಿ, ಮರುದನಿ ಕೇಳಿ ನಗುತ್ತಿದ್ದ. ನನ್ನ ಕಾಲಿನ ಬಲವೇ ಹೋಯಿತು. ಎತ್ತಿಕೊಂಡು ಬಂದೆ. ಮಧ್ಯಾಹ್ನ ಮತ್ತೆ ಅತ್ತ ಓಡಿದ. ಅವನನ್ನು ಚಾವಡಿಯಲ್ಲಿ ಕೂರಿಸಲು ನನಗೆ ಆ ಹೊತ್ತಿಗೆ ತೋಚಿದ್ದು ಫೋನ್ ಒಂದೇ. ಹೊಡೆಯಬಾರದು, ಹೆದರಿಸಬಾರದು, ಅದು ಎರಡೂ ನಿನಗೆ ಒಮ್ಮೆ ಮಾಡಿ ಆಗಿದೆ.

1997ರ ಜೂನ್. ಶಾಲೆ ಶುರುವಾಗಿ ಎರಡು ವಾರ ಆಗಿತ್ತಷ್ಟೆ. ನಿನಗೆ ಒಂಬತ್ತು. ನಾಲ್ಕೂವರೆಗೆ ಬರುವವಳು ಆರಾದರೂ ಬರಲಿಲ್ಲ. ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ತೋಡಿನ ಕಾಲುಸೇತುವೆಯವರೆಗೆ ಹೋದೆ, ನಿನ್ನ ಗೆಳತಿಯ ಮನೆಗೆ ಹೋದೆ, "ಅವಳು ಯಾವಾಗಲೋ ಹೋದಳಲ್ಲ" ಅಂದರು. ವಾಪಸ್ಸು ತೋಟದಲ್ಲಿ ಬರುವಾಗ ಸುರಂಗದ ಬಾಯಲ್ಲಿ ನಿನ್ನ ಚೀಲ, ಅದರ ಮೇಲೆ ಮಡಚಿಟ್ಟ ಕೊಡೆ. ಚಪ್ಪಲಿ ಒಂದರ ಪಕ್ಕ ಒಂದು, ದೇವಸ್ಥಾನಕ್ಕೆ ಹೋದವಳು ಬಿಟ್ಟ ಹಾಗೆ. ನಾನು ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಒಳಗಿನಿಂದ ನನ್ನದೇ ದನಿ ವಾಪಸ್ಸು ಬರುತ್ತಿತ್ತು, ನಿನ್ನದು ಬರಲಿಲ್ಲ. ಆಮೇಲೆ ದೂರದಲ್ಲಿ ಸಣ್ಣ ಬೆಳಕು ಕಂಡಿತು. ಮೊಣಕಾಲುದ್ದ ಕೆಂಪು ಮಣ್ಣು ಮೆತ್ತಿಕೊಂಡು, ಕೈಯಲ್ಲಿ ಮೇಣದಬತ್ತಿ ಹಿಡಿದು ನೀನು ನಡೆದು ಬಂದೆ. ಮುಖ ತುಂಬ ಖುಷಿ. "ಅಮ್ಮಾ, ನೀರು ಹುಟ್ಟುವ ಜಾಗ ನೋಡಿದೆ" ಅಂದೆ.

ನಾನು ಹುಣಸೆ ಅಡರು ಮುರಿದೆ. ಅಲ್ಲೇ ಹೊಡೆದೆ. ನೀನು ಓಡಲಿಲ್ಲ. "ಮೇಣದಬತ್ತಿ ಉರೀತಿತ್ತು ಅಮ್ಮಾ, ಉರೀತಾನೇ ಇತ್ತು" ಅಂತ ಹೇಳುತ್ತಲೇ ಇದ್ದೆ. ನನಗೆ ಅದು ಎದುರು ಮಾತು ಅಂತ ಕೇಳಿಸಿತು. ಇನ್ನೂ ಎರಡು ಜಾಸ್ತಿ ಬಿತ್ತು.

ಅದರ ಅರ್ಥ ನನಗೆ ಆದದ್ದು ಎಷ್ಟೋ ದಿನ ಕಳೆದ ಮೇಲೆ. ಸುರಂಗ ತೋಡುವವರು ಒಳಗೆ ದೀಪ ಇಟ್ಟುಕೊಳ್ಳುತ್ತಾರೆ, ಅದು ಆರಿದರೆ ಉಸಿರಾಡಲು ಗಾಳಿ ಸಾಲದು ಅಂತ ತಿಳಿದು ಹೊರಗೆ ಬರುತ್ತಾರೆ. ನೀನು ಅದನ್ನು ಅಜ್ಜನ ಬಾಯಲ್ಲಿ ಕೇಳಿದ್ದೆ. ನಮ್ಮ ಸುರಂಗ 40 ಕೋಲು, ಅಂದರೆ ಸುಮಾರು ನೂರು ಅಡಿ ಉದ್ದ ಇದೆ, ಅಜ್ಜ ಪಿಕ್ಕಾಸು ಹಿಡಿದು ಜನದ ಜೊತೆ ತೋಡಿದ್ದು. ಅಡಿಕೆ ಮರದ ದಂಬೆಯಲ್ಲಿ ಹರಿದು ನೀರು ಮದಕಕ್ಕೆ, ನಮ್ಮ ಕೆರೆಗೆ, ಬೀಳುವ ಹೊತ್ತಿಗೆಲ್ಲ ಆ ಕಥೆ ಹೇಳುತ್ತಿದ್ದರು. ಅಂದರೆ ಒಂಬತ್ತು ವರ್ಷದ ನೀನು ನಿಯಮ ಪಾಲಿಸಿಯೇ ಒಳಗೆ ಹೋಗಿದ್ದೆ. ಕಾರಣ ಗೊತ್ತಿದ್ದ ನಿಯಮ ಪಾಲಿಸಿದೆ, ಕಾರಣ ಗೊತ್ತಿಲ್ಲದ್ದನ್ನು ಮುರಿದೆ. ಸುರಂಗದೊಳಗೆ ಹೋಗಬಾರದು ಅನ್ನುವ ನನ್ನ ನಿಯಮಕ್ಕೆ ನಾನು ಕೊಟ್ಟ ಕಾರಣ ಏನು? "ಒಳಗೆ ಗುಳಿಗ ಇದ್ದಾನೆ, ಹೋದವರನ್ನು ಬಿಡುವುದಿಲ್ಲ." ದೈವದ ಹೆಸರಲ್ಲಿ ಸುಳ್ಳು ಹೇಳಿ ಮಗುವನ್ನು ಹೆದರಿಸಿದೆ. ಅದಕ್ಕೆ ಆ ವರ್ಷ ದೈವದ ಕೋಲಕ್ಕೆ ಹೋದಾಗ ತಪ್ಪುಕಾಣಿಕೆ ಹಾಕಿದೆ. ನಿನ್ನ ಹತ್ತಿರ ಮಾತ್ರ ತಪ್ಪಾಯಿತು ಅನ್ನಲಿಲ್ಲ.

ಹೇಳಬೇಕಾಗಿದ್ದ ಕಾರಣ ಬೇರೆ. ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಶೇಡಿ ಮಣ್ಣು. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಕಾಣುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಮೆತ್ತಗಾಗಿ ಕುಸಿಯುತ್ತದೆ. ಮೇಣದಬತ್ತಿ ಗಾಳಿಯ ಬಗ್ಗೆ ಹೇಳುತ್ತದೆ, ಮಣ್ಣಿನ ಬಗ್ಗೆ ಹೇಳುವುದಿಲ್ಲ. ಇಷ್ಟು ಹೇಳಲು ಐದು ನಿಮಿಷ ಸಾಕಿತ್ತು. ಮರುವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಒಳಗೆ ಒಂದು ಕಡೆ ಕುಸಿದು ಮದಕಕ್ಕೆ ವಾರಗಟ್ಟಲೆ ಕೆಂಪು ನೀರು ಬಂತಲ್ಲ, ಆಗ ನಾನು "ನೋಡಿದೆಯಾ, ನಾನು ಹೇಳಿದ್ದು ಸರಿ ಆಯಿತಲ್ಲ" ಅಂದಿದ್ದೆ. ನಿಯಮ ಸರಿಯೇ ಇತ್ತು ಮಗಳೇ. ಈಗಲೂ ಹಾಗೇ ಹೇಳುತ್ತೇನೆ. ಹೊಡೆದದ್ದು ಸರಿಯಲ್ಲ. ಅಂಗನವಾಡಿಯಲ್ಲಿ ಅಷ್ಟು ವರ್ಷ ಇನ್ನೊಬ್ಬರ ಮಕ್ಕಳಿಗೆ ಒಂದು ಪೆಟ್ಟು ಹಾಕಿದವಳಲ್ಲ ನಾನು. ನಿನ್ನ ಕಾಲಿನ ಬಾಸುಂಡೆಗೆ ರಾತ್ರಿ ತೆಂಗಿನೆಣ್ಣೆ ಹಚ್ಚುವಾಗ ನೀನು ನಿದ್ದೆ ಬಂದವಳ ಹಾಗೆ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ ಅಂತ ನನಗೆ ಗೊತ್ತಿತ್ತು.

2022ರಲ್ಲಿ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂದಾಗ ನೀನು ಸುದ್ದಿ ಕಳಿಸಿದ್ದೆ. ನೀರಿಗಾಗಿ ಒಂದರ ಮೇಲೊಂದು ಸುರಂಗ ತೋಡಿ, ಸಿಗದಿದ್ದರೂ ಬಿಡದೆ ಮತ್ತೆ ತೋಡಿದವರು. ಕೆಳಗೆ ನೀನು ಬರೆದದ್ದು, "ಅವರೂ ಒಬ್ಬರೇ ಒಳಗೆ ಹೋದವರು ಅಮ್ಮಾ." ನಾನು ಕೈಮುಗಿಯುವ ಚಿಹ್ನೆ ಹಾಕಿ ಸುಮ್ಮನಾದೆ. ಅವತ್ತೇ ಬರೆಯಬೇಕಿತ್ತು.

ಈಗ ನಿನ್ನ ಮನೆಯ ಮಾತು. ಉಪದೇಶ ಬೇಡ ಅಂದುಕೊಂಡೇ ಕೂತೆ, ಆದರೂ ಹೇಳುತ್ತೇನೆ. ನಿನ್ನ ಫ್ರಿಜ್ಜಿನ ಮೇಲಿನ ನಿಯಮಗಳ ಪಟ್ಟಿ ನನಗೆ ಇಷ್ಟವಾಯಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದನ್ನು ನೀನು ತೋರಿಸಿದೆ. ಓದಿ ತಿಳಿದು ನಿಯಮ ಮಾಡಿದವಳು ನೀನು, ನಾನು ಸಿಟ್ಟು ಬಂದ ಹಾಗೆ ಮಾಡಿದವಳು. ಊಟಕ್ಕೆ ಕೂತಾಗ ಕನ್ನಡ ಮಾತ್ರ ಅನ್ನುವ ನಮ್ಮ ಮನೆಯ ನಿಯಮವನ್ನು ನೀನು ಬೆಂಗಳೂರಿನಲ್ಲೂ ಇಟ್ಟುಕೊಂಡಿದ್ದೀಯ, ಅದನ್ನು ಪಟ್ಟಿಯಲ್ಲಿ ನೋಡಿ ನನಗೆ ಕಣ್ಣು ತುಂಬಿ ಬಂತು. ಆದರೆ ಎಂಟು ನಿಯಮ ಜಾಸ್ತಿ ಆಯಿತು ಮಗಳೇ. ಅವನಿಗೆ ಓದಲು ಬರುವುದಿಲ್ಲ. ಅಂಗನವಾಡಿಯಲ್ಲಿ ನಾವು ಮೂರೇ ಇಟ್ಟಿದ್ದೆವು, ಕೈ ತೊಳೆಯುವುದು, ಆಟದ ಸಾಮಾನು ತೆಗೆದಲ್ಲೇ ಇಡುವುದು, ಗೇಟು ದಾಟುವ ಮೊದಲು ಟೀಚರಿಗೆ ಹೇಳುವುದು. "ಓಡಬೇಡ" ಅಂದರೆ ಆ ವಯಸ್ಸಿನ ಮಗು ಓಡುತ್ತದೆ, "ಮೆಲ್ಲ ನಡಿ" ಅಂದರೆ ನಡೆಯುತ್ತದೆ. ಫೋನ್ ಕಿತ್ತುಕೊಳ್ಳಬೇಡ, "ಇದೊಂದು ಮುಗಿದ ಮೇಲೆ ಕೊಡಬೇಕು" ಅಂತ ಮೊದಲೇ ಹೇಳು, ಮುಗಿದಾಗ ಅತ್ತರೂ ಕೊಡಬೇಡ. ನಾಳೆ ಪಾರ್ಕಿಗಿಲ್ಲ ಅಂತ ಹೆದರಿಸಿ ನಾಳೆ ಕರೆದುಕೊಂಡು ಹೋಗಬೇಡ. ಅಳಿಯಂದಿರೂ ನೀನೂ ಮೊದಲು ಮಾತಾಡಿ ಒಂದೇ ಮಾತು ಹೇಳಿ. ಮತ್ತೆ ಊಟಕ್ಕೆ ಫೋನ್ ಇಲ್ಲ ಅನ್ನುವುದು ನಿಮಗಿಬ್ಬರಿಗೂ ಇರಬೇಕು. ಆಫೀಸಿನ ಕರೆ ಅಂತ ಎಡಗೈಯಲ್ಲಿ ಫೋನ್ ಹಿಡಿದು ನೀನು ಉಣ್ಣುವುದನ್ನು ಅವನು ನೋಡುತ್ತಾ ಇರುತ್ತಾನೆ. ನೀನು ಸಣಕಲಾಗಿದ್ದೀಯ, ಅದೂ ನನಗೆ ಚಿಂತೆ, ರಾತ್ರಿ ಹನ್ನೊಂದರವರೆಗೆ ಕೆಲಸ ಅಂದರೆ ಹೇಗೆ...

ಸಾಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಪಟ್ಟಿಯ ಒಂದು ಫೋಟೋ ಕಳಿಸು. ಇಲ್ಲಿ ಅಡುಗೆಮನೆಯಲ್ಲಿ ಅಂಟಿಸುತ್ತೇನೆ. ಇನ್ನು ಅವನು ಇಲ್ಲಿ ಬಂದರೆ ಅದೇ ನಿಯಮ, ನನಗೆ ಯಾವುದಾದರೂ ಸರಿ ಕಾಣದಿದ್ದರೆ ನಿನಗೆ ಹೇಳುತ್ತೇನೆ, ಅವನ ಎದುರು ಅಲ್ಲ. ಪುಟ್ಟನಿಗೆ ನಾನೇ ಫೋನಿನಲ್ಲಿ ಹೇಳಬೇಕು, "ಅಮ್ಮನಿಗೆ ಹೇಳಬೇಡ ಅಂತ ಅಜ್ಜಿ ಹೇಳಿದ್ದು ತಪ್ಪು" ಅಂತ. ನೀನು ಒಪ್ಪಿದರೆ ಭಾನುವಾರ ಮಾಡುತ್ತೇನೆ.

ಸುರಂಗದ ಬಾಯಿಗೆ ಅಪ್ಪ ಬಿದಿರಿನ ತಟ್ಟಿ ಕಟ್ಟಿದ್ದಾರೆ. ಅವನು ಮತ್ತೆ ಬಂದಾಗ ಯಾಕೆ ಅಂತ ಕೇಳಿಯೇ ಕೇಳುತ್ತಾನೆ. ಮೊನ್ನೆ ಮಳೆಗೆ ಮೊದಲು ಗುಡ್ಡದ ಬರೆಯಿಂದ ಶೇಡಿ ಮಣ್ಣಿನ ಒಂದು ಉಂಡೆ ತೆಗೆದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಚೆನ್ನಾಗಿ ಒಣಗಿದೆ, ಕಲ್ಲಿನ ಹಾಗಿದೆ. ಒಂದು ಲೋಟ ನೀರಿಗೆ ಹಾಕಿ ಅವನಿಗೆ ತೋರಿಸೋಣ. ನೀನೂ ಪಕ್ಕದಲ್ಲಿ ಕೂತುಕೋ.

ಅಮ್ಮ